ಇಂಗ್ಲಿಷ್ ತರಗತಿಯ ನಾಟಕ ಮನಸ್ಸಿಗೆ ಇಳಿಯುವುದು ಹೇಗೆ?

ಪ್ರಶ್ನೆ: ನಾನು ವಿರಾಜಪೇಟೆಯಲ್ಲಿ ಪದವಿ ಓದುತ್ತಿರುವ ವಿದ್ಯಾರ್ಥಿನಿ. ಇಂಗ್ಲಿಷ್ ಸಾಹಿತ್ಯದ ತರಗತಿಯಲ್ಲಿ ನಮಗೆ ‘ರೈಡರ್ಸ್ ಟು ದ ಸೀ’, ‘ಮ್ಯಾಕ್‌ಬೆತ್’ ಮತ್ತು ‘ಎ ಡಾಲ್ಸ್ ಹೌಸ್’ ನಾಟಕಗಳಿವೆ. ಕಾದಂಬರಿ ಓದುವಾಗ ಪಾತ್ರಗಳ ಜೊತೆಗೇ ಬದುಕಿದಂತೆ ಅನಿಸುತ್ತದೆ. ನಾಟಕ ಓದುವಾಗ ಮಾತ್ರ ಹೆಸರು, ಮಾತು, ಮತ್ತೆ ಹೆಸರು, ಮತ್ತೆ ಮಾತು, ಇಷ್ಟೇ ಕಾಣುತ್ತದೆ. ಗೈಡ್ ಓದಿ ಕಥೆ ತಿಳಿದುಕೊಂಡಿದ್ದೇನೆ, ಆದರೆ ಮನಸ್ಸಿಗೆ ಏನೂ ತಟ್ಟುವುದಿಲ್ಲ. ಒಮ್ಮೆ ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು ಸ್ವಲ್ಪ ಭಾಗವನ್ನು ಗಟ್ಟಿಯಾಗಿ ಓದಿದಾಗ ಮಾತ್ರ ಏನೋ ಬೇರೆಯಾಗಿ ಕೇಳಿಸಿತು. ನಾಟಕವನ್ನು ರಂಗದ ಮೇಲೆ ನೋಡದೆ ಓದಿ ಪ್ರಯೋಜನವಿಲ್ಲವೇ? ಕೊಡಗಿನಲ್ಲಿ ಇವುಗಳ ಪ್ರದರ್ಶನ ನಮಗೆಲ್ಲಿ ಸಿಗುತ್ತದೆ? ಗಟ್ಟಿಯಾಗಿ ಓದೋಣವೆಂದರೆ ನಮ್ಮ ಉಚ್ಚಾರಣೆಯ ಬಗ್ಗೆ ಸಂಕೋಚ. ಪರೀಕ್ಷೆಯಲ್ಲಿ ಗೈಡ್‌ನ ವಾಕ್ಯಗಳನ್ನು ಬಿಟ್ಟು ಸ್ವಂತವಾಗಿ ಬರೆಯುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಗೆಳತಿಯ ಓದಿನ ಪ್ರಸಂಗ. ನೀವು ಅದನ್ನು ನಡುವೆ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ಆದರೆ ನಿಮ್ಮ ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ಅಲ್ಲಿಂದಲೇ ಹೊರಡುತ್ತದೆ. ಕಾದಂಬರಿಕಾರ ತನ್ನ ಪಾತ್ರ ಎಲ್ಲಿ ನಿಂತಿದೆ, ಅದರ ಮುಖ ಹೇಗಿದೆ, ಒಳಗೆ ಏನನ್ನು ಯೋಚಿಸುತ್ತಿದೆ ಎಂಬುದನ್ನೆಲ್ಲ ತಾನೇ ಹೇಳುತ್ತಾನೆ. ನಾಟಕಕಾರ ಅದನ್ನು ಹೇಳದಿರುವುದು ಮರೆವಿನಿಂದಲ್ಲ. ಅವನು ಬರೆದದ್ದನ್ನು ನಟರು ತಮ್ಮ ದೇಹದಲ್ಲಿ, ಒಂದು ಜಾಗದಲ್ಲಿ, ಒಬ್ಬರ ಎದುರು ಒಬ್ಬರು ನಿಂತು ಪೂರ್ತಿ ಮಾಡುತ್ತಾರೆ ಎಂಬ ಭರವಸೆಯ ಮೇಲೆ ಅವನು ಬರೆದಿರುತ್ತಾನೆ. ನಟರಿಲ್ಲದ ಕಡೆ, ಎಂದರೆ ನಿಮ್ಮ ಓದುವ ಮೇಜಿನ ಮೇಲೆ, ಆ ಕೆಲಸ ನಿಮ್ಮದಾಗುತ್ತದೆ. ನೀವು ಮಾತನ್ನಷ್ಟೇ ಓದುತ್ತಿದ್ದೀರಿ. ಮಾತನಾಡುವಾಗ ಆ ವ್ಯಕ್ತಿಯ ಕೈ ಏನು ಮಾಡುತ್ತಿದೆ, ಆ ಹೊತ್ತಿನಲ್ಲಿ ಅಲ್ಲಿ ಇನ್ನು ಯಾರಿದ್ದಾರೆ, ಅವರೇಕೆ ಸುಮ್ಮನಿದ್ದಾರೆ ಎಂದು ಕೇಳಿಕೊಳ್ಳುತ್ತಿಲ್ಲ. ಹಾಗಾಗಿಯೇ ಕಥೆ ತಿಳಿದರೂ ನಾಟಕ ಸಿಕ್ಕಿಲ್ಲ.

ಇದನ್ನು ತೋರಿಸಿಕೊಡಲು ನಿಮ್ಮ ಪಠ್ಯದಲ್ಲೇ ಇರುವ ‘ರೈಡರ್ಸ್ ಟು ದ ಸೀ’ಗಿಂತ ಒಳ್ಳೆಯ ನಾಟಕವಿಲ್ಲ. ಐರಿಷ್ ನಾಟಕಕಾರ ಜೆ.ಎಂ. ಸಿಂಜ್ ಬರೆದ ಈ ಏಕಾಂಕ 1904ರಲ್ಲಿ ಡಬ್ಲಿನ್ನಿನಲ್ಲಿ ಮೊದಲು ಪ್ರದರ್ಶನಗೊಂಡಿತು. ಐರ್ಲೆಂಡಿನ ಪಶ್ಚಿಮಕ್ಕಿರುವ ಆರನ್ ದ್ವೀಪಗಳಲ್ಲಿ ಉಳಿದು, ಅಲ್ಲಿನವರ ಬದುಕನ್ನು ಹತ್ತಿರದಿಂದ ಕಂಡ ಮೇಲೆ ಅವನು ಇದನ್ನು ಬರೆದ. ಕಥೆಯನ್ನು ಗೈಡ್ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಲ್ಲದು: ಗಂಡನನ್ನೂ ಮಾವನನ್ನೂ ಐದು ಗಂಡುಮಕ್ಕಳನ್ನೂ ಕಳೆದುಕೊಂಡ ಮೌರ್ಯಾ ಎಂಬ ಮುದುಕಿ ಕೊನೆಯ ಮಗ ಬಾರ್ಟ್ಲಿಯನ್ನೂ ಸಮುದ್ರಕ್ಕೆ ಕಳೆದುಕೊಳ್ಳುತ್ತಾಳೆ. ಇದನ್ನು ಓದಿ ಯಾರಿಗೂ ಅಳು ಬರುವುದಿಲ್ಲ. ಈಗ ಕಥೆಯನ್ನು ಬದಿಗಿಟ್ಟು, ಆ ಮನೆಯಲ್ಲಿರುವ ಒಂದೇ ಒಂದು ವಸ್ತುವಿನ ಮೇಲೆ ಕಣ್ಣಿಟ್ಟು ಓದಿ. ಆ ವಸ್ತು ರೊಟ್ಟಿ.

ತೆರೆ ಎದ್ದಾಗ ಯಾರೂ ಮಾತನಾಡುವುದಿಲ್ಲ. ಹಿರಿಯ ಮಗಳು ಕ್ಯಾಥ್ಲೀನ್ ಹಿಟ್ಟು ನಾದಿ ಮುಗಿಸಿ, ರೊಟ್ಟಿಯನ್ನು ಒಲೆಯ ಪಕ್ಕದ ಪಾತ್ರೆಯಲ್ಲಿ ಬೇಯಲಿಟ್ಟು, ಕೈ ಒರೆಸಿಕೊಂಡು ರಾಟೆಯ ಮುಂದೆ ಕೂರುತ್ತಾಳೆ. ರಂಗಸೂಚನೆಯ ಈ ಸಾಲುಗಳನ್ನು ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಹಾರಿಸಿ ಮೊದಲ ಮಾತಿಗೆ ಹೋಗುತ್ತಾರೆ. ಹಾರಿಸಿದರೆ ನಾಟಕದ ಅರ್ಧ ಭಾಗ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ತಂಗಿ ನೋರಾ ಶಾಲಿನ ಕೆಳಗೆ ಒಂದು ಗಂಟನ್ನು ಮುಚ್ಚಿಟ್ಟುಕೊಂಡು ಬರುತ್ತಾಳೆ. ದೂರದ ಡೊನೆಗಾಲ್ ಕಡಲಲ್ಲಿ ಸಿಕ್ಕ ಶವವೊಂದರ ಅಂಗಿ ಮತ್ತು ಒಂದು ಕಾಲುಚೀಲ ಅದರಲ್ಲಿವೆ, ಅವು ಕಾಣೆಯಾಗಿರುವ ಮಗ ಮೈಕೆಲನವೇ ಎಂದು ಗುರುತಿಸಬೇಕಾಗಿದೆ. ತಾಯಿಗೆ ತಿಳಿಯಬಾರದೆಂದು ಅವರು ಗಂಟನ್ನು ಅಟ್ಟದಲ್ಲಿ ಬಚ್ಚಿಡುತ್ತಾರೆ. ಬಾರ್ಟ್ಲಿ ಕುದುರೆಗಳನ್ನು ಜಾತ್ರೆಗೆ ಸಾಗಿಸಲು ಹೊರಟಿದ್ದಾನೆ. ಹೋಗಬೇಡವೆಂದು ತಾಯಿ ಬೇಡುತ್ತಾಳೆ, ಅವನು ಹೋಗುತ್ತಾನೆ, ಅವಳು ಅವನಿಗೆ ಆಶೀರ್ವಾದದ ಮಾತು ಹೇಳುವುದಿಲ್ಲ. ಅವನು ಬಾಗಿಲು ದಾಟಿದ ಮೇಲೆ ಹೆಣ್ಣುಮಕ್ಕಳಿಗೆ ನೆನಪಾಗುತ್ತದೆ: ರೊಟ್ಟಿ ಕೊಡುವುದು ಮರೆತೇ ಹೋಯಿತು! ದಿನವಿಡೀ ಅವನು ಉಪವಾಸ. ಕ್ಯಾಥ್ಲೀನ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತಾಯಿಯ ಕೈಗೆ ಕೊಟ್ಟು, ಬುಗ್ಗೆಯ ಹತ್ತಿರ ಅವನನ್ನು ಕಂಡು ರೊಟ್ಟಿ ಕೊಟ್ಟು ಒಳ್ಳೆಯ ಮಾತು ಹೇಳಿ ಬಾ ಎಂದು ಕಳುಹಿಸುತ್ತಾಳೆ. ಕಲ್ಲುದಾರಿಯಲ್ಲಿ ಜಾರದಿರಲೆಂದು ಮುದುಕಿಗೆ ಕೊಡುವ ಊರುಗೋಲು ಮೈಕೆಲನದು.

ಮುದುಕಿ ಹೊರಗೆ ಹೋದ ಆ ಸ್ವಲ್ಪ ಹೊತ್ತಿನಲ್ಲೇ ಹುಡುಗಿಯರು ಗಂಟು ಬಿಚ್ಚುತ್ತಾರೆ. ಉಪ್ಪುನೀರಿನಿಂದ ಗಂಟು ಬಿಗಿದುಹೋಗಿದೆ, ಕತ್ತಿಯಿಂದ ದಾರ ಕೊಯ್ಯಬೇಕಾಗುತ್ತದೆ. ಅಂಗಿಯ ಬಟ್ಟೆಯನ್ನು ನೋಡಿ ನಿಶ್ಚಯವಾಗಿ ಏನೂ ಹೇಳಲಾಗದು, ಅಂಥ ಬಟ್ಟೆ ಅಂಗಡಿಯಲ್ಲಿ ಯಾರಿಗಾದರೂ ಸಿಗುತ್ತದೆ. ನೋರಾ ಕಾಲುಚೀಲದ ಹೆಣಿಗೆಯನ್ನು ಎಣಿಸುತ್ತಾಳೆ. ಅರವತ್ತು ಹೊಲಿಗೆ ಹಾಕಿ ನಾಲ್ಕನ್ನು ಬಿಟ್ಟಿದ್ದೆ ಎಂಬುದು ಅವಳಿಗೆ ನೆನಪಿದೆ, ಏಕೆಂದರೆ ಹೆಣೆದವಳು ಅವಳೇ. ಎಣಿಕೆ ಸರಿಹೋಗುತ್ತದೆ. ಅಣ್ಣ ಸತ್ತನೆಂಬ ಸುದ್ದಿ ಅವಳಿಗೆ ಬರುವುದು ಅವಳದೇ ಬೆರಳುಗಳ ಲೆಕ್ಕದಿಂದ. ಸಿಂಜ್ ಇಲ್ಲಿ ಸಾವಿನ ಸುದ್ದಿಯನ್ನು ವಿಶೇಷಣಗಳಿಂದ ತಿಳಿಸುವುದಿಲ್ಲ; ಹೆಣಿಗೆಯ ಸಂಖ್ಯೆಯೊಂದರಿಂದ ತಿಳಿಸುತ್ತಾನೆ.

ಮೌರ್ಯಾ ಹಿಂದಿರುಗುತ್ತಾಳೆ. ಅವಳ ಕೈಯನ್ನು ನೋಡಿ: ರೊಟ್ಟಿ ಹಾಗೆಯೇ ಇದೆ. ಅವಳು ಬಾಯಿ ತೆರೆಯುವ ಮೊದಲೇ ಪ್ರೇಕ್ಷಕರಿಗೆ ಎಲ್ಲ ತಿಳಿದುಹೋಗಿರುತ್ತದೆ, ಓದುವವರಿಗೆ ಮಾತ್ರ ಅದು ತಪ್ಪಿಹೋಗುತ್ತದೆ, ಏಕೆಂದರೆ ಕೈಯಲ್ಲಿ ರೊಟ್ಟಿ ಇರುವುದು ಮಾತಿನಲ್ಲಿಲ್ಲ, ರಂಗಸೂಚನೆಯಲ್ಲಿದೆ. ಬಾರ್ಟ್ಲಿ ಕೆಂಪು ಕುದುರೆಯ ಮೇಲೆ ಬಂದ, ಹಿಂದೆ ಬೂದು ಬಣ್ಣದ ಮರಿಕುದುರೆಯ ಮೇಲೆ ಸತ್ತ ಮೈಕೆಲ್ ಕೂತಿದ್ದ, ಹರಸಬೇಕೆಂದರೂ ಗಂಟಲಲ್ಲಿ ಮಾತು ಹೊರಡಲಿಲ್ಲ ಎಂದು ಅವಳು ಹೇಳುತ್ತಾಳೆ. ಇನ್ನು ನಾಟಕದ ಕೊನೆಗೆ ಬನ್ನಿ. ಬಾರ್ಟ್ಲಿಯ ಶವ ಮೇಜಿನ ಮೇಲಿದೆ. ಕ್ಯಾಥ್ಲೀನ್ ಊರಿನ ವೃದ್ಧನೊಬ್ಬನಿಗೆ ಹೇಳುತ್ತಾಳೆ, ಬೆಳಗಾದ ಮೇಲೆ ನೀವು ಶವಪೆಟ್ಟಿಗೆ ಮಾಡಿಕೊಡಿ, ಮೈಕೆಲ್ ಸಿಕ್ಕಾನೆಂದು ಅಮ್ಮ ತಂದಿಟ್ಟ ಒಳ್ಳೆಯ ಬಿಳಿ ಹಲಗೆಗಳಿವೆ, ಕೆಲಸ ಮಾಡುವಾಗ ತಿನ್ನಲು ಹೊಸ ರೊಟ್ಟಿಯೂ ಇದೆ. ತೆರೆ ಎದ್ದಾಗ ನಾದಿದ ಆ ರೊಟ್ಟಿ, ಬಾರ್ಟ್ಲಿಯ ಹೊಟ್ಟೆ ಸೇರಬೇಕಾಗಿದ್ದ ರೊಟ್ಟಿ, ಅವನ ಶವಪೆಟ್ಟಿಗೆ ಮಾಡುವವರ ಊಟವಾಗುತ್ತದೆ. ಹಲಗೆಗಳೂ ಅಷ್ಟೇ, ಮೊದಲಿನಿಂದಲೂ ಗೋಡೆಗೆ ಒರಗಿ ನಿಂತಿದ್ದವು, ಒಬ್ಬ ಮಗನಿಗಾಗಿ ತಂದವು ಇನ್ನೊಬ್ಬನಿಗೆ ಆದವು. ಮೊಳೆ ತರುವುದನ್ನು ಮಾತ್ರ ಮರೆತಿದ್ದಾರೆ. ಇಷ್ಟು ಶವಪೆಟ್ಟಿಗೆಗಳನ್ನು ಮಾಡುವುದನ್ನು ಕಂಡ ಮುದುಕಿ ಮೊಳೆಯನ್ನು ಹೇಗೆ ಮರೆತಳು ಎಂದು ಅಲ್ಲಿದ್ದವನೊಬ್ಬ ಆಶ್ಚರ್ಯಪಡುತ್ತಾನೆ. ಸಾವಿನ ಮನೆಯಲ್ಲಿ ಕೆಲಸಕ್ಕೆ ನಿಂತ ಯಾರಿಗಾದರೂ ಈ ಮಾತು ಎಷ್ಟು ನಿಜವೆಂದು ಗೊತ್ತಿರುತ್ತದೆ. ಮೌರ್ಯಾಳ ಸಹನೆ, ವಿಧಿಯ ಕ್ರೌರ್ಯ, ಮನುಷ್ಯ ಮತ್ತು ಪ್ರಕೃತಿಯ ಹೋರಾಟ ಎಂದು ಗೈಡ್ ದೊಡ್ಡ ದೊಡ್ಡ ಶೀರ್ಷಿಕೆಗಳಲ್ಲಿ ಹೇಳುವುದೆಲ್ಲ ಈ ರೊಟ್ಟಿ, ಹಲಗೆ, ಮೊಳೆಗಳ ಒಳಗೇ ಇದೆ.

ಇದೇ ನಾಟಕದಲ್ಲಿ ಇನ್ನೊಂದು ಕಡೆ ನಿಲ್ಲಿಸಿ ನೋಡಬೇಕು. ತಾಯಿ ಬೇಡಿಕೊಳ್ಳುತ್ತಿರುವಾಗ ಬಾರ್ಟ್ಲಿ ಯಾರ ಜೊತೆ ಮಾತನಾಡುತ್ತಿದ್ದಾನೆ? ಹೆಚ್ಚಾಗಿ ತಾಯಿಯ ಜೊತೆಯಲ್ಲ. ಕುರಿಗಳು ಬೆಳೆಗೆ ನುಗ್ಗದಂತೆ ನೋಡಿಕೊ, ದಲ್ಲಾಳಿ ಬಂದರೆ, ಬೆಲೆ ಚೆನ್ನಾಗಿದ್ದರೆ, ಕಪ್ಪುಕಾಲಿನ ಹಂದಿಯನ್ನು ಮಾರು ಎಂದು ಅವನು ಕ್ಯಾಥ್ಲೀನಳಿಗೆ ಹೇಳುತ್ತಿದ್ದಾನೆ. ತಾಯಿಯ ಪ್ರಶ್ನೆಗೆ ನೇರ ಉತ್ತರ ಕೊಡಲಾಗದ ಮಗ ಮನೆವಾರ್ತೆಯ ಮಾತನ್ನು ಹಿಡಿದುಕೊಂಡಿದ್ದಾನೆ. ತಾನು ಹಿಂದಿರುಗಲಾರೆ ಎಂಬ ಅನುಮಾನ ಅವನಿಗೂ ಇದೆಯೇ? ಸಿಂಜ್ ಹೇಳುವುದಿಲ್ಲ. ಆ ಪುಟವನ್ನು ಇಬ್ಬರು ಮೂವರು ಸೇರಿ ಗಟ್ಟಿಯಾಗಿ ಓದಿದರೆ, ಮೌರ್ಯಾಳ ಮಾತು ಗಾಳಿಯಲ್ಲಿ ಉಳಿದು ಬಾರ್ಟ್ಲಿಯ ಮಾತು ಬೇರೆ ದಿಕ್ಕಿಗೆ ಹೋಗುವುದು ಕಿವಿಗೆ ತಾನಾಗಿ ತಿಳಿಯುತ್ತದೆ. ಕಣ್ಣಿನಲ್ಲಿ ಓದುವಾಗ ಎಲ್ಲ ಮಾತುಗಳೂ ಒಂದರ ಕೆಳಗೊಂದು ಬರುವುದರಿಂದ ಪ್ರತಿ ಮಾತೂ ಹಿಂದಿನ ಮಾತಿಗೆ ಉತ್ತರವೆಂಬ ಭ್ರಮೆ ಹುಟ್ಟುತ್ತದೆ. ನಿಮ್ಮ ಗೆಳತಿ ಓದಿದಾಗ ನಿಮಗೆ ಬೇರೆಯಾಗಿ ಕೇಳಿಸಿದ್ದರ ಕಾರಣಗಳಲ್ಲಿ ಇದೂ ಒಂದಿರಬೇಕು.

‘ಮ್ಯಾಕ್‌ಬೆತ್’ಗೆ ಬಂದರೆ ತೊಡಕು ಬೇರೆ ರೀತಿಯದು. ಅಲ್ಲಿ ರಂಗಸೂಚನೆಗಳು ಅತಿ ಕಡಿಮೆ, ಭಾಷೆ ಹಳೆಯದು. ಆದರೆ ಆ ಮಾತುಗಳ ಒಳಗೇ ಸೂಚನೆಗಳು ಅಡಗಿವೆ. ಷೇಕ್ಸ್‌ಪಿಯರನ ತಂಡ ಗ್ಲೋಬ್ ರಂಗಮಂದಿರದಲ್ಲಿ ಆಡುತ್ತಿದ್ದುದು ತೆರೆದ ಆಕಾಶದ ಕೆಳಗೆ, ಮಧ್ಯಾಹ್ನದ ಬೆಳಕಿನಲ್ಲಿ. ರಾತ್ರಿಯನ್ನು ತೋರಿಸಲು ದೀಪ ಆರಿಸುವ ಅನುಕೂಲ ಅಲ್ಲಿರಲಿಲ್ಲ; ಕತ್ತಲೆಯನ್ನು ಮಾತಿನಿಂದ ಮತ್ತು ಕೈಯಲ್ಲಿನ ಪಂಜಿನಿಂದ ಕಟ್ಟಬೇಕಾಗಿತ್ತು. ಎರಡನೆಯ ಅಂಕದ ಮೊದಲ ದೃಶ್ಯವನ್ನು ಈ ಮಾತು ನೆನಪಿಟ್ಟುಕೊಂಡು ಓದಿ. ಬ್ಯಾಂಕೋ ತನ್ನ ಮಗ ಫ್ಲಿಯಾನ್ಸನನ್ನು ಹೊತ್ತೆಷ್ಟಾಯಿತು ಎಂದು ಕೇಳುತ್ತಾನೆ. ಚಂದ್ರ ಮುಳುಗಿದ್ದಾನೆ, ಗಡಿಯಾರದ ಗಂಟೆ ಕೇಳಿಸಲಿಲ್ಲ ಎಂದು ಹುಡುಗ ಹೇಳುತ್ತಾನೆ. ಬ್ಯಾಂಕೋ ತನ್ನ ಕತ್ತಿಯನ್ನು ಮಗನ ಕೈಗೆ ಕೊಡುತ್ತಾನೆ. ಆಕಾಶದವರೂ ಜಿಪುಣತನ ಮಾಡಿ ದೀಪಗಳನ್ನೆಲ್ಲ ಆರಿಸಿದ್ದಾರೆ ಎನ್ನುತ್ತಾನೆ. ನಿದ್ದೆ ಸೀಸದಂತೆ ಭಾರವಾಗಿದೆ, ಆದರೂ ಮಲಗಲು ಮನಸ್ಸಿಲ್ಲ, ಮಲಗಿದರೆ ಬರುವ ಕೆಟ್ಟ ಯೋಚನೆಗಳಿಂದ ಕಾಪಾಡಿ ಎಂದು ದೇವತೆಗಳನ್ನು ಬೇಡುತ್ತಾನೆ. ಅಷ್ಟರಲ್ಲಿ ಯಾರೋ ಬಂದ ಸದ್ದು. ತಕ್ಷಣ ಬರುವ ಮಾತು, ‘ನನ್ನ ಕತ್ತಿ ಕೊಡು. ಯಾರಲ್ಲಿ?’ ಉತ್ತರ ಬರುತ್ತದೆ: ‘ಸ್ನೇಹಿತ.’ ಬಂದವನು ಮ್ಯಾಕ್‌ಬೆತ್.

ಇಲ್ಲಿ ಕತ್ತಿಯನ್ನು ಹಿಂಬಾಲಿಸಿ. ಬ್ಯಾಂಕೋ ಇರುವುದು ತನ್ನ ಸ್ನೇಹಿತನ ಕೋಟೆಯಲ್ಲಿ, ರಾಜ ಡಂಕನ್ ಅಲ್ಲಿ ಅತಿಥಿಯಾಗಿ ಮಲಗಿದ್ದಾನೆ, ಹೆದರಲು ಯಾವ ಕಾರಣವೂ ಇರಬಾರದು. ಹಾಗಿದ್ದೂ ಕೊಟ್ಟ ಕತ್ತಿಯನ್ನು ಕೆಲವೇ ಸಾಲುಗಳಲ್ಲಿ ಮರಳಿ ಕೇಳುತ್ತಾನೆ. ಆ ಒಂದು ಚಲನೆಯಲ್ಲಿ ಅವನ ಅಂತರಂಗ ತೆರೆದುಕೊಳ್ಳುತ್ತದೆ. ಮ್ಯಾಕ್‌ಬೆತ್ ರಾಜನಾಗುತ್ತಾನೆ, ಬ್ಯಾಂಕೋನ ಸಂತತಿಯವರೂ ರಾಜರಾಗುತ್ತಾರೆ ಎಂಬ ಮೂವರು ಮಾಟಗಾತಿಯರ ಭವಿಷ್ಯವಾಣಿಯನ್ನು ಕೇಳಿದವರು ಇಬ್ಬರು, ಮ್ಯಾಕ್‌ಬೆತ್ ಒಬ್ಬನೇ ಅಲ್ಲ ಎಂಬುದು ಆಗ ನಮಗೆ ನೆನಪಾಗುತ್ತದೆ. ಬ್ಯಾಂಕೋ ಆ ಮೂವರ ಕನಸು ಕಂಡೆನೆಂದು ಹೇಳಿದಾಗ, ನಾನು ಅವರ ಯೋಚನೆಯನ್ನೇ ಮಾಡುವುದಿಲ್ಲ ಎಂದು ಮ್ಯಾಕ್‌ಬೆತ್ ಹಸಿ ಸುಳ್ಳು ಹೇಳುತ್ತಾನೆ. ಗೈಡ್‌ನಲ್ಲಿ ಈ ಭಾಗಕ್ಕೆ ಸಿಗುವುದು ಒಂದು ಸಾಲು, ಅದರ ಮುಂದೆ ಬರುವ, ರಾಜನ ಕೊಲೆಗೆ ಹೊರಟ ಮ್ಯಾಕ್‌ಬೆತ್‌ನ ಕಠಾರಿಯ ಸ್ವಗತಕ್ಕೆ ಪುಟಗಟ್ಟಲೆ ವಿವರಣೆ. ಆದರೆ ಈ ಕತ್ತಿಯನ್ನು ಕಂಡವರಿಗೆ ಮಾತ್ರ ಗಾಳಿಯಲ್ಲಿ ತೇಲುವ ಆ ಕಠಾರಿ ಸರಿಯಾಗಿ ಕಾಣುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೇಳಿಸಿಕೊಂಡು ಓದುವ ವಿಷಯದಲ್ಲಿ ಕೊಡಗಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಕೊಡವರ ಮನೆಯಲ್ಲಿ ಸಾವಾದಾಗ ಒಂದರ ಹಿಂದೊಂದು ಎರಡು ಗುಂಡು ಹಾರಿಸುವ ರೂಢಿಯಿದೆ. ತೋಟದಲ್ಲಿ ಕೆಲಸ ಮಾಡುತ್ತಿರುವವರು ಏನನ್ನೂ ನೋಡದೆ, ಯಾರನ್ನೂ ಕೇಳದೆ, ಆ ಸದ್ದಿನಿಂದಲೇ ಕೈಯ ಕೆಲಸ ನಿಲ್ಲಿಸುತ್ತಾರೆ. ರಂಗದ ಹೊರಗಿನಿಂದ ಬರುವ ಸದ್ದು ನಾಟಕದಲ್ಲಿ ಮಾಡುವ ಕೆಲಸ ಇಂಥದೇ. ರಾಜ ಡಂಕನ್ನನನ್ನು ಮ್ಯಾಕ್‌ಬೆತ್ ಕೊಂದ ಕೂಡಲೇ ಕೋಟೆಯ ಬಾಗಿಲು ಬಡಿಯುವ ಸದ್ದು ಶುರುವಾಗುತ್ತದೆ. ಗಂಡ ಹೆಂಡತಿ ಇಬ್ಬರ ಕೈಯಲ್ಲೂ ರಕ್ತವಿದೆ. ಬಾಗಿಲು ಬಡಿತ ದಕ್ಷಿಣದ ಕಡೆಯಿಂದ ಎಂದು ಲೇಡಿ ಮ್ಯಾಕ್‌ಬೆತ್ ಗುರುತಿಸುತ್ತಾಳೆ, ಗಂಡನನ್ನು ಕೈ ತೊಳೆಯಲು ಕರೆಯುತ್ತಾಳೆ. ಆ ಸದ್ದಿನಿಂದ ಡಂಕನ್ ಏಳುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮ್ಯಾಕ್‌ಬೆತ್ ಹಂಬಲಿಸುತ್ತಾನೆ. ಇಂಗ್ಲಿಷ್ ಪ್ರಬಂಧಕಾರ ಥಾಮಸ್ ಡಿ ಕ್ವಿನ್ಸಿ 1823ರಲ್ಲಿ ಈ ಒಂದು ಸದ್ದಿನ ಬಗ್ಗೆಯೇ ಪ್ರಬಂಧ ಬರೆದ. ಕೊಲೆಗಾರರ ಸುತ್ತ ನಿಂತುಹೋಗಿದ್ದ ಲೋಕ ಮತ್ತೆ ಚಲಿಸತೊಡಗಿದ್ದನ್ನು ಆ ಬಡಿತ ಸಾರುತ್ತದೆ, ಆದ್ದರಿಂದಲೇ ಅದು ನಮ್ಮನ್ನು ಅಷ್ಟೊಂದು ನಡುಗಿಸುತ್ತದೆ ಎಂಬುದು ಅವನ ವಾದ. ನೀವು ಓದುವಾಗ ಪುಸ್ತಕದಲ್ಲಿ ಬಡಿತದ ಸೂಚನೆ ಬಂದ ಕಡೆಯೆಲ್ಲ ಗೆಳತಿಯೊಬ್ಬಳು ಮೇಜನ್ನು ನಿಜವಾಗಿ ಬಡಿಯಲಿ. ಪ್ರಬಂಧದ ಸಾರಾಂಶವನ್ನು ಕಂಠಪಾಠ ಮಾಡುವುದಕ್ಕಿಂತ ಅದರಿಂದ ಹೆಚ್ಚು ತಿಳಿಯುತ್ತದೆ.

ಇಬ್ಸೆನ್ನನ ‘ಎ ಡಾಲ್ಸ್ ಹೌಸ್’ ಬಗ್ಗೆ ಇಲ್ಲಿ ಸ್ವಲ್ಪವೇ ಹೇಳುತ್ತೇನೆ, ಏಕೆಂದರೆ ಅದರಲ್ಲಿ ರಂಗಸೂಚನೆಗಳು ಧಾರಾಳವಾಗಿವೆ ಮತ್ತು ಮೇಲಿನ ಅಭ್ಯಾಸ ಬಂದವರಿಗೆ ಅದು ಕಷ್ಟವಾಗುವುದಿಲ್ಲ. 1879ರ ಈ ನಾಟಕದಲ್ಲಿ ನಾಯಕಿ ನೋರಾ (ಸಿಂಜ್‌ನ ನಾಟಕದ ನೋರಾ ಬೇರೆ) ಬಾಯಿಂದ ಹೊರಡುವ ಮೊದಲ ಮಾತೇ ಕ್ರಿಸ್ಮಸ್ ಮರವನ್ನು ಮಕ್ಕಳಿಗೆ ಕಾಣದಂತೆ ಬಚ್ಚಿಡು ಎಂಬುದು. ಕೂಲಿಯವನು ಕೇಳಿದ್ದರ ಎರಡರಷ್ಟು ಕೊಟ್ಟು ಚಿಲ್ಲರೆ ಇಟ್ಟುಕೊ ಎನ್ನುತ್ತಾಳೆ. ಜೇಬಿನಿಂದ ಸಿಹಿ ಬಿಸ್ಕತ್ತು ತೆಗೆದು ತಿನ್ನುತ್ತಾಳೆ, ಗಂಡನ ಬಾಗಿಲಿಗೆ ಕಿವಿಗೊಡುತ್ತಾಳೆ, ಅವನು ಬರುವ ಮುಂಚೆ ಬಾಯಿ ಒರೆಸಿಕೊಳ್ಳುತ್ತಾಳೆ. ಬಚ್ಚಿಡುವುದು, ದುಡ್ಡು, ಗಂಡನ ಭಯ, ಮೂರೂ ಮೊದಲ ಪುಟದಲ್ಲೇ ಕೈಗಳ ಚಲನೆಯಲ್ಲಿ ಬಂದುಬಿಟ್ಟಿವೆ. ಎರಡನೆಯ ಅಂಕ ತೆರೆದಾಗ ಅದೇ ಮರ ಅಲಂಕಾರ ಕಳಚಿ, ಮೊಂಬತ್ತಿಗಳು ಉರಿದುಹೋಗಿ ಮೂಲೆಯಲ್ಲಿ ನಿಂತಿರುತ್ತದೆ. ಕೊನೆಯಲ್ಲಿ ಅವಳು ಎಳೆದುಕೊಂಡು ಹೋದ ಬಾಗಿಲಿನ ಸದ್ದಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ನೀವು ಮೊದಲ ಪುಟದ ಬಗ್ಗೆ ಬರೆಯಿರಿ.

ರಂಗದ ಮೇಲೆ ನೋಡದೆ ಓದಿ ಪ್ರಯೋಜನವಿಲ್ಲವೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಪ್ರಯೋಜನ ಖಂಡಿತ ಇದೆ, ಮತ್ತು ಓದುಗರಿಗೆ ಪ್ರೇಕ್ಷಕರಿಗಿಲ್ಲದ ಒಂದು ಸೌಲಭ್ಯವೂ ಇದೆ. ‘ಮ್ಯಾಕ್‌ಬೆತ್’ನ ಔತಣದ ದೃಶ್ಯದಲ್ಲಿ ಕೊಲೆಯಾದ ಬ್ಯಾಂಕೋನ ಭೂತ ಬಂದು ಮ್ಯಾಕ್‌ಬೆತ್‌ನ ಆಸನದಲ್ಲಿ ಕೂರುತ್ತದೆ ಎಂದು 1623ರ ಮೊದಲ ಮುದ್ರಣದಲ್ಲಿದೆ. 1611ರಲ್ಲಿ ಗ್ಲೋಬ್‌ನಲ್ಲಿ ಈ ನಾಟಕ ನೋಡಿದ ಸೈಮನ್ ಫೋರ್ಮನ್ ಎಂಬವನೂ ಭೂತ ಬಂದು ಕುರ್ಚಿಯಲ್ಲಿ ಕೂತದ್ದನ್ನು ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದಾನೆ. ಆದರೆ ನಂತರದ ಕಾಲದ ಕೆಲವು ನಿರ್ದೇಶಕರು ಕುರ್ಚಿಯನ್ನು ಖಾಲಿ ಬಿಟ್ಟು, ಮ್ಯಾಕ್‌ಬೆತ್ ಒಬ್ಬನೇ ಅಲ್ಲಿ ಏನನ್ನೋ ಕಾಣುವಂತೆ ಮಾಡಿದ್ದಾರೆ. ಭೂತ ಕಣ್ಣಿಗೆ ಕಂಡರೆ ನಾವು ಮ್ಯಾಕ್‌ಬೆತ್‌ನ ಪಕ್ಕದಲ್ಲಿರುತ್ತೇವೆ, ಕುರ್ಚಿ ಖಾಲಿಯಿದ್ದರೆ ದಿಗ್ಭ್ರಮೆಗೊಂಡ ಅತಿಥಿಗಳ ಪಕ್ಕದಲ್ಲಿರುತ್ತೇವೆ. ರಂಗದಲ್ಲಿ ಇವೆರಡರಲ್ಲಿ ಒಂದೇ ಸಾಧ್ಯ. ಓದುವಾಗ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ತೂಗಬಹುದು. ಚಲನಚಿತ್ರ ಅಥವಾ ಚಿತ್ರೀಕರಿಸಿದ ರಂಗಪ್ರದರ್ಶನ ಮೊಬೈಲಿನಲ್ಲಿ ಸಿಕ್ಕರೆ ನೋಡಿ, ಆದರೆ ನೀವು ಓದಿ ನಿಮ್ಮದೇ ಒಂದು ಚಿತ್ರ ಕಟ್ಟಿಕೊಂಡ ಮೇಲೆ ನೋಡಿ. ಮೊದಲೇ ನೋಡಿದರೆ ಆ ನಟರ ಮುಖವೇ ಮನಸ್ಸಿನಲ್ಲಿ ಕೂತು, ಬೇರೆ ಸಾಧ್ಯತೆಗಳಿಗೆ ಜಾಗವಿರುವುದಿಲ್ಲ.

ಕೊಡಗಿನಲ್ಲಿ ನಾಟಕವೇ ಇಲ್ಲವೆಂಬ ಧ್ವನಿ ನಿಮ್ಮ ಪತ್ರದಲ್ಲಿರುವುದರಿಂದ ಒಂದು ಮಾತು ಹೇಳಲೇಬೇಕು. ನಾಪೋಕ್ಲು ಕಡೆಯವರಾದ ಹರದಾಸ ಅಪ್ಪಚ್ಚ ಕವಿಗಳು ‘ಯಯಾತಿ ರಾಜಂಡ ನಾಟಕ’ವನ್ನು ಕೊಡವ ಭಾಷೆಯಲ್ಲಿ ಬರೆದದ್ದು 1906ರಲ್ಲಿ. ಆಮೇಲೆ ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿಯರ ಕಥೆಗಳನ್ನೂ ಅವರು ನಾಟಕಗಳಾಗಿ ಬರೆದರು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ ಬಂದದ್ದು 1961ರಲ್ಲಿ. ಒಂದೇ ಪುರಾಣಕಥೆ ಐವತ್ತೈದು ವರ್ಷಗಳ ಅಂತರದಲ್ಲಿ ಇಬ್ಬರ ನಾಟಕ ಬರವಣಿಗೆಯ ಆರಂಭಕ್ಕೂ ವಸ್ತುವಾಯಿತು. ಮುಂದಿನ ಸೆಮಿಸ್ಟರಿನಲ್ಲಿ ಕಾರ್ನಾಡರ ‘ತುಘಲಕ್’ ಇಂಗ್ಲಿಷಿನಲ್ಲಿ ಪಠ್ಯವಾಗಿ ಬಂದರೆ, 1964ರ ಕನ್ನಡ ಮೂಲವನ್ನು ಗ್ರಂಥಾಲಯದಿಂದ ತಂದು ಪಕ್ಕದಲ್ಲಿಟ್ಟುಕೊಳ್ಳಿ. ಇಂಗ್ಲಿಷಿಗೆ ತಂದವರೂ ಅವರೇ ಆಗಿರುವುದರಿಂದ ಎರಡನ್ನೂ ಹೋಲಿಸಿ ಓದುವುದು ದೊಡ್ಡ ಪಾಠ. ಹಾಗೆಯೇ ‘ಹ್ಯಾಮ್ಲೆಟ್’ ಓದುವ ಮುಂಚೆ ಅದರ ಕಥೆಯನ್ನು ಬಿದನೂರಿನ ಅರಮನೆಗೆ ತಂದ ಕುವೆಂಪು ಅವರ ‘ರಕ್ತಾಕ್ಷಿ’ಯನ್ನೂ, ಗ್ರೀಕ್ ದುರಂತ ನಾಟಕದ ಪಾಠ ಬಂದಾಗ ಸೊಫೋಕ್ಲಿಸನ ‘ಏಜಾಕ್ಸ್’ ಅನ್ನು ಮಹಾಭಾರತಕ್ಕೆ ಒಗ್ಗಿಸಿದ ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’ ಅನ್ನೂ ಓದಿ. ಈ ಹಿರಿಯರು ಇಂಗ್ಲಿಷ್ ತರಗತಿಯಲ್ಲಿ ಓದಿದ್ದನ್ನು ತಮ್ಮ ನೆಲದಲ್ಲಿ ನಿಲ್ಲಿಸಿ ನೋಡಿದವರು.

ಉಚ್ಚಾರಣೆಯ ಸಂಕೋಚವನ್ನು ಬಿಡಿ ಎಂದು ಬರಿದೇ ಹೇಳಿದರೆ ನೀವು ಬಿಡಲಾರಿರಿ, ಆದ್ದರಿಂದ ಕಾರಣ ಹೇಳುತ್ತೇನೆ. ಸಿಂಜ್ ಕಂಡ ಆರನ್ ದ್ವೀಪದ ಜನರ ಮನೆಮಾತು ಐರಿಷ್. ಆ ನಾಟಕದ ಇಂಗ್ಲಿಷ್ ಲಂಡನ್ನಿನ ಇಂಗ್ಲಿಷ್ ಅಲ್ಲ; ಐರಿಷ್ ಭಾಷೆಯ ವಾಕ್ಯಗಳ ಏರಿಳಿತವನ್ನು, ಜೋಡಣೆಯನ್ನು ಉಳಿಸಿಕೊಂಡೇ ಅವನು ಅದನ್ನು ಕಟ್ಟಿದ. ಮನೆಯಲ್ಲಿ ಕೊಡವ ತಕ್ಕನ್ನೋ ಅರೆಭಾಷೆಯನ್ನೋ ತುಳುವನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಕಾಲೇಜಿನಲ್ಲಿ ಇಂಗ್ಲಿಷ್ ಓದುವ ನಿಮಗೆ ಅಂಥ ಇಂಗ್ಲಿಷ್ ಅನ್ನು ಕೇಳುವ ಕಿವಿ ಆಗಲೇ ಇದೆ. ಮಡಿಕೇರಿಯಲ್ಲಿ ಪಾಠ ಮಾಡುವಾಗ ನಾನು ಕಂಡಿರುವಂತೆ, ಕಾನ್ವೆಂಟ್‌ನ ಉಚ್ಚಾರಣೆಯಲ್ಲಿ ಸರಾಗವಾಗಿ ಓದುವವರಿಗಿಂತ, ಪ್ರತಿ ವಾಕ್ಯವೂ ಯಾರಿಗೆ ಹೇಳಿದ್ದು ಎಂದು ಯೋಚಿಸಿ ತಡೆದು ತಡೆದು ಓದುವವರೇ ಮೌರ್ಯಾಳ ಮಾತನ್ನು ಚೆನ್ನಾಗಿ ಓದುತ್ತಾರೆ. ಮುದುಕಿಯೇನೂ ಸರಾಗವಾಗಿ ಮಾತನಾಡುತ್ತಿಲ್ಲವಲ್ಲ.

ಓದುವ ಕ್ರಮದ ಬಗ್ಗೆ ಹೇಳುವುದಾದರೆ, ಮೊದಲ ಓದು ಒಂದೇ ಕುಳಿತದಲ್ಲಿ ಆಗಬೇಕು ಮತ್ತು ಆಗ ಅರ್ಥಕೋಶವೂ ಗೈಡೂ ದೂರವಿರಬೇಕು. ‘ರೈಡರ್ಸ್ ಟು ದ ಸೀ’ ಗಟ್ಟಿಯಾಗಿ ಓದಿದರೂ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ‘ಮ್ಯಾಕ್‌ಬೆತ್’ ಷೇಕ್ಸ್‌ಪಿಯರನ ದುರಂತ ನಾಟಕಗಳಲ್ಲೆಲ್ಲ ಚಿಕ್ಕದು, ಒಂದು ಮಳೆಗಾಲದ ಭಾನುವಾರಕ್ಕೆ ಸರಿಹೋಗುತ್ತದೆ. ಅರ್ಥವಾಗದ ಸಾಲುಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಮುಂದೆ ಹೋಗಿ, ಎರಡನೆಯ ಓದಿನಲ್ಲಿ ಟಿಪ್ಪಣಿ ನೋಡಿ. ಮೂರನೆಯ ಸಲ ನಾಲ್ಕೈದು ಗೆಳತಿಯರು ಪಾತ್ರಗಳನ್ನು ಹಂಚಿಕೊಂಡು ಹಾಸ್ಟೆಲಿನಲ್ಲಿ ಓದಿ. ಒಬ್ಬಳು ಮಾತ್ರ ಯಾವ ಪಾತ್ರವನ್ನೂ ತೆಗೆದುಕೊಳ್ಳದೆ ರಂಗಸೂಚನೆಗಳನ್ನಷ್ಟೇ ಓದಲಿ, ಅವು ಬಂದಾಗ ಉಳಿದವರು ಆ ಕೆಲಸವನ್ನು ಮಾಡಿ ತೋರಿಸಲಿ. ಎದ್ದು ಹೋಗಬೇಕಾದವಳು ನಿಜವಾಗಿ ಎದ್ದು ಹೋಗಲಿ. ಯಾರು ಬಂದರು, ಯಾರು ಹೋದರು, ಯಾರು ರಂಗದ ಮೇಲೆ ಇದ್ದೂ ಮಾತನಾಡಲಿಲ್ಲ ಎಂಬುದು ಆಗ ಮರೆಯುವುದಿಲ್ಲ. ಗೈಡ್ ಓದುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಕಥೆಯನ್ನು ಮೊದಲೇ ತಿಳಿಸಿ ಅದು ನಿಮ್ಮಿಂದ ಕಾತರವನ್ನು ಕಿತ್ತುಕೊಳ್ಳುತ್ತದೆ, ಹಾಗಾಗಿ ಅದು ಕೊನೆಗೆ ಬರಲಿ.

ಇನ್ನು ಪರೀಕ್ಷೆ. ‘ಮೌರ್ಯಾ ಒಂದು ದುರಂತ ಪಾತ್ರ, ವಿವರಿಸಿ’ ಎಂಬ ಪ್ರಶ್ನೆ ಬಂತೆಂದು ಇಟ್ಟುಕೊಳ್ಳಿ. ಗೈಡ್‌ನ ಉತ್ತರ ಗುಣಗಳ ಪಟ್ಟಿಯಿಂದ ಶುರುವಾಗುತ್ತದೆ: ಅವಳು ಪ್ರೀತಿಯ ತಾಯಿ, ಸಹನಶೀಲೆ, ದೈವಭಕ್ತೆ. ಮೌಲ್ಯಮಾಪನ ಮಾಡುವವರು ಅದೇ ವಾಕ್ಯಗಳನ್ನು ಒಂದೇ ದಿನದಲ್ಲಿ ಕಟ್ಟುಗಟ್ಟಲೆ ಓದಿರುತ್ತಾರೆ. ನೀವು ಹರಸದೆ ಕಳುಹಿಸಿದ ಕ್ಷಣದಿಂದ ಶುರು ಮಾಡಿ. ಅವಳು ರೊಟ್ಟಿ ಹಿಡಿದು ಹೋದದ್ದು, ಹಾಗೆಯೇ ಹಿಡಿದು ಬಂದದ್ದು, ಹಿಂದೆ ಸತ್ತ ಮಗನೊಬ್ಬನನ್ನು ಮನೆಗೆ ತಂದ ದಿನವನ್ನು ಅವಳು ಬಾಗಿಲ ಕಡೆ ಕೈಚಾಚಿ ನೆನೆಯುತ್ತಿರುವಾಗಲೇ ಅದೇ ಬಾಗಿಲಿನಿಂದ ಹೆಂಗಸರು ಮೆಲ್ಲನೆ ಒಳಗೆ ಬರತೊಡಗುವುದು, ನೆನಪು ಎಲ್ಲಿ ಮುಗಿದು ಈಗಿನ ಸಾವು ಎಲ್ಲಿ ಶುರುವಾಯಿತೆಂದು ಅವಳಿಗೇ ತಿಳಿಯದಿರುವುದು, ಕೊನೆಗೆ ಮೊಳೆ ಮರೆತದ್ದು, ಇಷ್ಟನ್ನು ಅನುಕ್ರಮವಾಗಿ ಬರೆದು, ಪ್ರತಿಯೊಂದರ ನಂತರ ಅದರಿಂದ ನಿಮಗೆ ಏನು ತಿಳಿಯಿತೆಂದು ಒಂದೆರಡು ವಾಕ್ಯ ಸೇರಿಸಿ. ಸಹನೆ, ಪ್ರೀತಿ ಎಂಬ ಶಬ್ದಗಳು ಆಗ ತಾವಾಗಿ ಸರಿಯಾದ ಜಾಗದಲ್ಲಿ ಬರುತ್ತವೆ. ನಿಮ್ಮ ಇಂಗ್ಲಿಷ್ ವಾಕ್ಯಗಳು ಚಿಕ್ಕವಾಗಿದ್ದರೂ ಚಿಂತೆಯಿಲ್ಲ. ಅಂಕಗಳ ಮಟ್ಟಿಗೂ ಇದರಿಂದ ನಷ್ಟವಾಗದು: ನಾಟಕದ ಒಳಗಿನಿಂದ ತೆಗೆದ ಒಂದು ನಿರ್ದಿಷ್ಟ ವಿವರವನ್ನು ಕಂಡಾಗ, ಈ ಹುಡುಗಿ ಪುಸ್ತಕವನ್ನು ತೆರೆದು ಓದಿದ್ದಾಳೆ ಎಂದು ಅನುಭವಿ ಮೌಲ್ಯಮಾಪಕರಿಗೆ ಗೊತ್ತಾಗಿಯೇ ಆಗುತ್ತದೆ.